ಮೂರು ಹುಲಿಯ ಕಡೆ ಕೂತು ನೋಡಿ

ಆಟಿ ತಿಂಗಳು ಬಂತೆಂದರೆ ನಮ್ಮಂಥ ವರದಿಗಾರರ ಮೊಬೈಲು ಒಂದೇ ಬಗೆಯ ಫೋಟೊಗಳಿಂದ ತುಂಬಿ ಹೋಗುತ್ತದೆ. ಕೆಸರುಗದ್ದೆಯಲ್ಲಿ ಹಗ್ಗಜಗ್ಗಾಟ, ಬಾಳೆಲೆಯಲ್ಲಿ ಪತ್ರೊಡೆ, ತಿಮರೆ ಚಟ್ನಿ, ವೇದಿಕೆಯ ಮೇಲೆ ಕಳಸೆ. ಇವುಗಳ ಜೊತೆ ತಪ್ಪದೆ ಬರುವ ಇನ್ನೊಂದು ಚಿತ್ರವಿದೆ: ಉದ್ಘಾಟಕರು ಚೆನ್ನೆಮಣೆಯ ಗುಳಿಗೆ ಕೈ ಹಾಕಿ, ಮುಖ ಮಾತ್ರ ಕ್ಯಾಮೆರಾದ ಕಡೆ ತಿರುಗಿಸಿಕೊಂಡದ್ದು. ಆ ಕೈಯಲ್ಲಿರುವ ಮಂಜೊಟ್ಟಿ ಕಾಯಿ ಮುಂದಿನ ಗುಳಿಗೆ ಬೀಳುವ ಮೊದಲೇ ಮೈಕಿನಲ್ಲಿ ಮುಂದಿನವರ ಹೆಸರು ಕರೆದಾಗಿರುತ್ತದೆ. ನಾವು ಅದಕ್ಕೆ 'ಗ್ರಾಮೀಣ ಆಟಗಳಿಗೆ ಮರುಜೀವ' ಎಂದು ಶೀರ್ಷಿಕೆ ಕೊಟ್ಟು ಕಳಿಸುತ್ತೇವೆ. ಡೆಸ್ಕಿನಲ್ಲಿ ಅದಕ್ಕೂ ಕತ್ತರಿ ಬೀಳುವುದುಂಟು, ಆ ವಿಷಯ ಬಿಡಿ.

ಚೆನ್ನೆಮಣೆಗೆ ಫೋಟೊದ ಭಾಗ್ಯವಾದರೂ ಇದೆ. ಅದರ ಪಕ್ಕದಲ್ಲೇ ಜಗಲಿಯ ಕಾವಿ ನೆಲದಲ್ಲಿ ಮಸಿಯಿಂದ ಗೀಟು ಎಳೆದು ಆಡುತ್ತಿದ್ದ ಹುಲಿ-ಕುರಿ ಆಟಕ್ಕೆ ಅದೂ ಇಲ್ಲ. ಕಾರಣ ಸರಳ. ಅದಕ್ಕೆ ಕೆತ್ತಿದ ಮಣೆ ಬೇಡ, ಆದ್ದರಿಂದ ವೇದಿಕೆಯಲ್ಲಿ ಇಡಲು ಏನೂ ಇಲ್ಲ. ಅಡಿಕೆ ಮೂರು, ಗೇರುಬೀಜ ಹದಿನೈದು ಇದ್ದರೆ ಆಟ ಶುರು. ಪೆರಾಬೆ, ಕುಂತೂರು, ಆಲಂಕಾರಿನ ಕಡೆ ಈಗ ಗೇರುಬೀಜಕ್ಕೂ ಕಷ್ಟವಿಲ್ಲ, ರಬ್ಬರ್ ಬೀಜಕ್ಕಂತೂ ಬರವೇ ಇಲ್ಲ. ಬರ ಇರುವುದು ಆಡುವವರಿಗೆ. ಅದರಲ್ಲೂ ಹುಲಿಯ ಕಡೆ ಕೂತು ನೆಟ್ಟಗೆ ಆಡಬಲ್ಲವರಿಗೆ.

ನಮ್ಮ ಶಾಲೆಗಳು, ಯುವಕ ಮಂಡಲಗಳು, ಪಂಚಾಯತಿನ ಅರಿವು ಕೇಂದ್ರಗಳು ಈ ಆಟವನ್ನು ಪ್ರದರ್ಶನಕ್ಕಲ್ಲ, ಸ್ಪರ್ಧೆಗೆ ತರಬೇಕು ಎಂಬುದು ನಮ್ಮ ಅಭಿಪ್ರಾಯ. ತರುವಾಗ ಒಂದು ನಿಯಮ ಕಡ್ಡಾಯ ಮಾಡಬೇಕು: ಪ್ರತಿಯೊಬ್ಬರೂ ಒಮ್ಮೆ ಹುಲಿಯಾಗಬೇಕು, ಒಮ್ಮೆ ಕುರಿಯಾಗಬೇಕು. ಯಾಕೆಂದು ಹೇಳುವ ಮೊದಲು ಪಟ ಹೇಗಿದೆ ನೋಡೋಣ. ಆಟವೇ ಗೊತ್ತಿಲ್ಲದವರಿಗೆ ಉಳಿದದ್ದು ಅರ್ಥವಾಗದು.

ಮೇಲೆ ಒಂದು ತುದಿ. ಆ ತುದಿಯಿಂದ ಕೆಳಗಿನ ಅಡ್ಡಗೀಟಿಗೆ ನಾಲ್ಕು ಗೀಟುಗಳು ಬೀಸಣಿಗೆಯ ಹಾಗೆ ಇಳಿಯುತ್ತವೆ. ನಡುವೆ ಮೂರು ಅಡ್ಡಗೀಟುಗಳು ಆ ನಾಲ್ಕನ್ನೂ ಕತ್ತರಿಸಿ ಎರಡೂ ಬದಿಗೆ ಸ್ವಲ್ಪ ಹೊರಗೆ ಚಾಚುತ್ತವೆ. ಚಾಚಿದ ತುದಿಗಳನ್ನು ಎಡಕ್ಕೊಂದು ಬಲಕ್ಕೊಂದು ನೇರ ಗೀಟು ಸೇರಿಸುತ್ತದೆ. ಗೀಟು ಕೂಡುವ ಜಾಗಗಳನ್ನು ಎಣಿಸಿ: ತುದಿ 1, ಮೂರು ಅಡ್ಡಗೀಟುಗಳಲ್ಲಿ ಆರಾರರಂತೆ 18, ಬುಡದಲ್ಲಿ 4. ಒಟ್ಟು 23. ಮೂರು ಹುಲಿಗಳು ತುದಿಯ ಹತ್ತಿರ ಕೂತಿರುತ್ತವೆ. ಕುರಿಯವನು ಒಂದೊಂದಾಗಿ 15 ಕುರಿ ಇಡುತ್ತಾನೆ, ಪ್ರತಿ ಕುರಿಗೆ ಹುಲಿಯವನಿಗೆ ಒಂದು ನಡೆ. ಹದಿನೈದೂ ಇಟ್ಟು ಮುಗಿಯುವ ತನಕ ಇಟ್ಟ ಕುರಿ ಕದಲುವಂತಿಲ್ಲ. ಪಕ್ಕದ ಕುರಿಯ ಆಚೆ, ಅದೇ ಗೀಟಿನಲ್ಲಿ ಜಾಗ ಖಾಲಿ ಇದ್ದರೆ ಹುಲಿ ಹಾರಿ ತಿನ್ನುತ್ತದೆ. ಮೂರೂ ಹುಲಿ ಕದಲದಂತೆ ಕಟ್ಟಿಹಾಕಿದರೆ ಕುರಿಗೆ ಗೆಲುವು. ಎಷ್ಟು ಕುರಿ ತಿಂದರೆ ಹುಲಿ ಗೆದ್ದಂತೆ ಎನ್ನುವುದು ಊರಿಂದ ಊರಿಗೆ ಬೇರೆ. ಐದು ಎನ್ನುವವರಿದ್ದಾರೆ, ಎಲ್ಲ ಮುಗಿಯಲಿ ಎನ್ನುವವರೂ ಇದ್ದಾರೆ. ಘಟ್ಟದ ಮೇಲೆ, ತಮಿಳುನಾಡಿನಲ್ಲಿ, ಆಂಧ್ರದಲ್ಲಿ ಹೆಸರು ಬದಲಾಗುತ್ತದೆ, ಪಟ ಹೆಚ್ಚು ಬದಲಾಗುವುದಿಲ್ಲ.

"ಎಂತ ಮಾರಾಯ್ರೆ, ಹುಲಿಗೆ ಎಂತದ್ದು ಕಷ್ಟ? ಅದು ತಿನ್ನುವ ಪ್ರಾಣಿ, ಕಷ್ಟ ಇರುವುದು ಕುರಿಗೆ" ಎಂದು ಈ ವಿಷಯ ತೆಗೆದಾಗಲೆಲ್ಲ ಯಾರಾದರೂ ಹೇಳುತ್ತಾರೆ. ಪಿಲಿವೇಷ ನೋಡಿ ಬೆಳೆದ ನಮ್ಮ ಮಕ್ಕಳಿಗೂ ಹಾಗೇ ಅನಿಸುತ್ತದೆ. ಪಟದ ಮುಂದೆ ಕೂತ ಕೂಡಲೇ ಇಬ್ಬರೂ "ನಾನು ಹುಲಿ" ಎಂದು ಜಗಳ ತೆಗೆಯುತ್ತಾರೆ. ಎರಡು ಆಟ ಮುಗಿಯಲಿ, ಜಗಳ ತಿರುಗುತ್ತದೆ: "ಈಗ ನನಗೆ ಕುರಿ." ಕಡಿಮೆ ಜನರ ಕಡೆ ಇದ್ದು ಗೆಲ್ಲುವುದಕ್ಕೆ ಹಲ್ಲು, ಉಗುರು ಸಾಲದು ಎನ್ನುವುದು ಅಷ್ಟರಲ್ಲಿ ಗೊತ್ತಾಗಿರುತ್ತದೆ. (ಇಲ್ಲಿ 'ಅಲ್ಪಸಂಖ್ಯಾತ' ಎಂಬ ಪದ ಬಳಸದೆ 'ಕಡಿಮೆ ಜನರ ಕಡೆ' ಎಂದು ಸುತ್ತಿ ಹೇಳುತ್ತಿದ್ದೇವೆ. ನಮ್ಮ ಪತ್ರಿಕೆಗಳಲ್ಲಿ ಆ ಪದಕ್ಕೆ ಈಗ ಬೇರೆಯೇ ಭಾರವಿದೆ.)

ಕುರಿಯ ಪಾಠವನ್ನು ನಾವು ಮಕ್ಕಳಿಗೆ ಬೇಕಾದಷ್ಟು ಹೇಳಿದ್ದೇವೆ. ಒಗ್ಗಟ್ಟಿನಲ್ಲಿ ಬಲವಿದೆ, ಒಬ್ಬರ ಬೆನ್ನಿಗೆ ಒಬ್ಬರು ನಿಲ್ಲಬೇಕು. ಪಟದಲ್ಲೂ ಅದೇ ನಿಜ, ಬೆನ್ನ ಹಿಂದೆ ಇನ್ನೊಂದು ಕುರಿ ಇರುವ ಕುರಿಯನ್ನು ಹುಲಿ ತಿನ್ನಲಾರದು. ಆದರೆ ಹುಲಿಯ ಪಾಠ ಹೇಳುವವರು ಯಾರು? ಎದುರಿಗೆ ಐದು ಪಟ್ಟು ಜನ ಇರುವಾಗ ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿರುವುದು ಹೆಚ್ಚಾಗಿ ಒಂದೇ ಕತೆ, ಅಭಿಮನ್ಯುವಿನದು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಆ ಚಕ್ರವ್ಯೂಹವನ್ನು ಕಲ್ಲಿನಲ್ಲಿ ಕಡೆದಿಟ್ಟಿದ್ದಾರೆ. ನಮ್ಮ ಕಡೆಯ ಮೇಳಗಳಲ್ಲಿ ಅಭಿಮನ್ಯು ಕಾಳಗದ ರಾತ್ರಿ ನಿದ್ದೆ ತೂಗುವವರೂ ಎದ್ದು ಕೂರುತ್ತಾರೆ. ಒಳಗೆ ಹೋಗುವುದು ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ, ಆದರೂ ಹೋದ, ಸತ್ತ. ಕಣ್ಣೀರು ಬರುತ್ತದೆ, ಬರಬೇಕಾದ್ದೇ. ಆದರೆ ಕಡಿಮೆ ಜನ ಇದ್ದವರ ಪಾಲಿಗೆ ಚಂದದಲ್ಲಿ ಸಾಯುವುದು ಬಿಟ್ಟು ಬೇರೆ ದಾರಿ ಇಲ್ಲ ಎಂಬ ಅನಿಸಿಕೆಯೂ ಅದರ ಜೊತೆಗೇ ಮನಸ್ಸಿನಲ್ಲಿ ಕೂತುಬಿಡುತ್ತದೆ. ಬೇರೆ ದಾರಿ ಇದೆ ಎಂದು ಹುಲಿ-ಕುರಿಯ ಪಟ ಎಣಿಸಿ ತೋರಿಸುತ್ತದೆ.

ಆ ಎಣಿಕೆಯನ್ನು ನಾವು ಕೂತು ಮಾಡಿದೆವು. ಒಂದು ಹುಲಿಯನ್ನು ಕಟ್ಟಿಹಾಕಲು ಎಷ್ಟು ಕುರಿ ಬೇಕು? ಅದರ ಸುತ್ತಲಿನ ಜಾಗಗಳಲ್ಲೆಲ್ಲ ಕುರಿ ಇರಬೇಕು, ಹಾರದ ಹಾಗೆ ಆ ಕುರಿಗಳ ಹಿಂದೆಯೂ ಕುರಿ ಇರಬೇಕು. ಹುಲಿ ಹೊರಚಾಚಿನ ನಾಲ್ಕು ಮೂಲೆಗಳಲ್ಲಿ ಒಂದರಲ್ಲೋ, ಬುಡದ ಎರಡು ಮೂಲೆಗಳಲ್ಲೋ ಇದ್ದರೆ ದಾರಿ ಎರಡೇ. ಎರಡು ಕುರಿ ಮುಂದೆ, ಎರಡು ಹಿಂದೆ, ನಾಲ್ಕೇ ಸಾಕು. ಅದೇ ಹುಲಿ ನಾಲ್ಕು ಇಳಿಗೀಟುಗಳು ನಡುವಿನ ಅಡ್ಡಗೀಟುಗಳನ್ನು ಕತ್ತರಿಸುವಲ್ಲಿ ಇದ್ದರೆ ಆರೋ ಏಳೋ ಬೇಕು. ನಟ್ಟನಡುವಿನ ಎರಡು ಜಾಗಗಳಲ್ಲಿ ಎಂಟು. ತುದಿಯಲ್ಲೂ ಎಂಟು, ಯಾಕೆಂದರೆ ಅಲ್ಲಿಂದ ನಾಲ್ಕು ದಾರಿ ಇಳಿಯುತ್ತವೆ. ಮೂರು ಹುಲಿಗಳೂ ಮೂಲೆ ಹಿಡಿದು ಕೂತರೆ ಹನ್ನೆರಡು ಕುರಿಯಲ್ಲಿ ಕೆಲಸ ಮುಗಿಯಿತು, ಇನ್ನೂ ಮೂರು ಕುರಿ ಮೇಯಲು ಉಳಿಯುತ್ತವೆ. ಹುಲಿಗಳು ನಡುವಿನಲ್ಲಿ, ಒಂದಕ್ಕೊಂದು ಸ್ವಲ್ಪ ದೂರದಲ್ಲಿ ಇದ್ದರೆ ಹದಿನೈದು ಕುರಿಗೂ ಉಬ್ಬಸ. ದೂರ ಯಾಕೆ ಬೇಕೆಂದರೆ, ಹುಲಿಗಳು ಒತ್ತಿ ಕೂತಾಗ ಒಂದೇ ಕುರಿ ಎರಡು ಹುಲಿಗೆ ಗೋಡೆಯಾಗುತ್ತದೆ. ಅಷ್ಟೇ ಅಲ್ಲ, ಹುಲಿಯ ಮೇಲೆ ಹುಲಿ ಹಾರುವಂತಿಲ್ಲವಾದ್ದರಿಂದ ಒಂದು ಹುಲಿಯೇ ಇನ್ನೊಂದಕ್ಕೆ ಗೋಡೆಯಾಗುತ್ತದೆ. ಹೆದರಿದವರು ಒಟ್ಟಿಗೆ ಕೂರುವುದು ಸಹಜ. ಕುರಿಗೆ ಅದು ರಕ್ಷಣೆ, ಹುಲಿಗೆ ಅದೇ ನೇಣು.

ಇನ್ನೊಂದು ಎಣಿಕೆ ಇದಕ್ಕಿಂತ ರುಚಿಯದು. ಒಂದೂ ಕುರಿ ಸಾಯದೆ ಹದಿನೈದೂ ಇಟ್ಟು ಮುಗಿದರೆ ಪಟದಲ್ಲಿ 18 ಕಾಯಿ. 23ರಲ್ಲಿ 18 ಹೋದರೆ ಖಾಲಿ ಜಾಗ ಐದೇ. ಒಂದು ಕುರಿ ಸತ್ತರೆ ಆರು, ಎರಡು ಸತ್ತರೆ ಏಳು. ಹೊಸಬರು ತಿಂದ ಕುರಿಯನ್ನು ಎಣಿಸಿ ಖುಷಿಪಡುತ್ತಾರೆ. ಆದರೆ ಹುಲಿಗೆ ಸಿಕ್ಕ ಲಾಭ ಕುರಿಯಲ್ಲ, ಆ ಜಾಗ. ಉಸಿರಾಡುವಷ್ಟು ಜಾಗ ಇರುವ ತನಕ ಹುಲಿ ಸೋಲುವುದಿಲ್ಲ. ಹಾಗಾಗಿ ಎದುರಾಳಿ ಬೇಕೆಂದೇ ಮೂಲೆಯ ಹತ್ತಿರ ಒಂದು ಕುರಿಯನ್ನು ಬರಿಬೆನ್ನಿನಲ್ಲಿ ನಿಲ್ಲಿಸಿದರೆ, ತಿನ್ನುವ ಮೊದಲು ಹಾರಿ ಇಳಿಯುವ ಜಾಗ ಯಾವುದೆಂದು ನೋಡಬೇಕು. ಹಾರಿ ಮೂಲೆಗೆ ಇಳಿಯಬೇಕಾದರೆ ಒಂದು ಕುರಿ ಗೆದ್ದು ಒಂದು ಹುಲಿ ಕೊಟ್ಟ ಹಾಗೆ.

ಹುಲಿಗೆ ತಿನ್ನಲಾಗದ ಜಾಗಗಳೂ ಪಟದಲ್ಲಿವೆ. ಗೀಟುಗಳೆಲ್ಲ ಕೊನೆಯಾಗುವ ಕಡೆ ಕೂತ ಕುರಿಯ ಆಚೆ ಇಳಿಯಲು ಜಾಗವೇ ಇಲ್ಲ. ತುದಿ, ಬುಡದ ಎರಡು ಮೂಲೆ, ಹೊರಚಾಚಿನ ನಾಲ್ಕು ಮೂಲೆ, ಹೀಗೆ ಏಳು. ಗೊತ್ತಿದ್ದ ಕುರಿಯವನು ಮೊದಲು ಅಲ್ಲಿಗೇ ಇಡುತ್ತಾನೆ. ಹೊಸ ಹುಲಿ ಅದರ ಹಿಂದೆ ಓಡಿ ನಡೆ ಹಾಳುಮಾಡುತ್ತದೆ. ಪಳಗಿದ ಹುಲಿ ಅತ್ತ ನೋಡುವುದೂ ಇಲ್ಲ. ಏಳು ತುಂಬಿದ ಮೇಲೆ ಉಳಿದ ಎಂಟು ಕುರಿ ಬಯಲಿಗೆ ಬರಲೇಬೇಕಲ್ಲ. ಅಷ್ಟರ ತನಕ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸುಮ್ಮನೆ ನಡೆಯುತ್ತಾ ಇರುವುದೇ ಕೆಲಸ. ಹದಿನೈದೂ ಇಟ್ಟಾದ ಮೇಲೆ ಈ ಕಾಯುವಿಕೆಗೆ ಇನ್ನೂ ಬೆಲೆ ಬರುತ್ತದೆ. ಆಗ ಕುರಿಯವನು ಪ್ರತಿ ಸಲ ಒಂದು ಕುರಿಯನ್ನು ಕದಲಿಸಲೇಬೇಕು, ಇವತ್ತು ಬೇಡ ಎನ್ನುವಂತಿಲ್ಲ. ಎಷ್ಟು ಗಟ್ಟಿ ಗೋಡೆ ಕಟ್ಟಿದ್ದರೂ ಅದರ ಒಂದು ಕಲ್ಲನ್ನು ತಾನೇ ತೆಗೆಯಬೇಕಾದ ಹೊತ್ತು ಬರುತ್ತದೆ.

ಇದೆಲ್ಲ ನಮ್ಮ ಮನಸ್ಸಮಾಧಾನದ ಮಾತಲ್ಲ. ನೇಪಾಳದ ಬಾಘ್‌ಚಾಲ್ ಇದೇ ಕುಟುಂಬದ ಆಟ, ಅಲ್ಲಿ ನಾಲ್ಕು ಹುಲಿಗೆ ಇಪ್ಪತ್ತು ಆಡು, ಪಟ ಚೌಕ. ಕಂಪ್ಯೂಟರಿನಲ್ಲಿ ಅದರ ಲೆಕ್ಕ ಕೊನೆಮುಟ್ಟಿಸಿದ ಸಂಶೋಧಕರು, ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ ಎಂದು ತೋರಿಸಿದ್ದಾರೆ. ಯುರೋಪಿನ ಉತ್ತರದ ತುದಿಯಲ್ಲೂ ಕಡಿಮೆ ಜನರ ಯುದ್ಧದಾಟವೊಂದಿತ್ತು. ಗಿಡಗಳಿಗೆ ಹೆಸರು ಕೊಟ್ಟು ಪ್ರಸಿದ್ಧನಾದ ಲಿನೇಯಸ್ 1732ರಲ್ಲಿ ಲ್ಯಾಪ್‌ಲ್ಯಾಂಡಿಗೆ ಹೋದಾಗ ಅಲ್ಲಿನವರು ಆಡುತ್ತಿದ್ದ ಟ್ಯಾಬ್ಲುಟ್ ಎಂಬ ಆಟವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ. ನಡುವೆ ಒಬ್ಬ ರಾಜ, ಸುತ್ತ ಎಂಟು ಕಾವಲಿನವರು, ನಾಲ್ಕು ಕಡೆಯಿಂದ ಹದಿನಾರು ಶತ್ರುಗಳು. ರಾಜನ ಕಡೆಯವರು ಗೆಲ್ಲಲು ಶತ್ರುಗಳನ್ನೆಲ್ಲ ಕೊಲ್ಲಬೇಕಾಗಿಲ್ಲ. ರಾಜ ಪಟದ ಅಂಚು ಮುಟ್ಟಿ ಪಾರಾದರೆ ಆಯಿತು. ಅಭಿಮನ್ಯುವಿಗೆ ಯಾರೂ ಹೇಳಿಕೊಡದೆ ಉಳಿದದ್ದು ಅಲ್ಲಿ ಇಡೀ ಆಟವೇ ಆಗಿದೆ.

ನಿಜವಾದ ಯುದ್ಧಕ್ಕೂ ಈ ಜಾಗದ ಲೆಕ್ಕ ಹೊಂದುತ್ತದೆಯೇ? ಕ್ರಿಸ್ತಪೂರ್ವ 216ರ ಕ್ಯಾನೆ ಯುದ್ಧದಲ್ಲಿ ಹ್ಯಾನಿಬಲ್‌ನ ಸೈನ್ಯ ರೋಮನರಿಗಿಂತ ಬಹಳ ಸಣ್ಣದು. ಅವನು ನಡುಭಾಗವನ್ನು ಹಿಂದಕ್ಕೆ ಸರಿಸುತ್ತಾ ರೋಮನರನ್ನು ಒಳಗೆ ಬಿಟ್ಟುಕೊಂಡ, ಬದಿಗಳಿಂದ, ಬೆನ್ನಿನಿಂದ ಮುಚ್ಚಿದ. ಒಳಗೆ ಸಿಕ್ಕವರಿಗೆ ಕತ್ತಿ ಬೀಸಲು ಜಾಗವಿಲ್ಲದ ಹಾಗಾಯಿತು ಎಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಕಂಪ್ಯೂಟರಿನಲ್ಲಿ ರೋಮ್ ಕಾಲದ ಯುದ್ಧದಾಟ ಆಡುವ ಹುಡುಗರಿಗೆ ಈ ಕತೆ ಬಾಯಿಪಾಠ. ಪುತ್ತೂರಿನಲ್ಲಿ ಕಾಲೇಜು ಓದುವ ಹುಡುಗರು ಕ್ಯಾನೆಯ ನಕ್ಷೆ ಬರೆದು ತೋರಿಸುವುದನ್ನು ನಾವು ನೋಡಿದ್ದೇವೆ, ಮೆಚ್ಚಿದ್ದೇವೆ. ಅದೇ ಹುಡುಗರಿಗೆ 1837ರ ನಕ್ಷೆ ಬರೆಯಲು ಬಾರದು, ಬರೆಯಿರಿ ಎಂದು ಕೇಳಿದವರೂ ಇಲ್ಲ.

1837ರದ್ದು ನಮ್ಮ ಬಾಗಿಲಲ್ಲೇ ನಡೆದ ಕಡಿಮೆ ಜನರ ಯುದ್ಧ. ಅಮರ ಸುಳ್ಯದ ರೈತರು ಕಂಪೆನಿ ಸರಕಾರದ ವಿರುದ್ಧ ಎದ್ದರು. ಬೆಳ್ಳಾರೆಯ ಖಜಾನೆ ಹಿಡಿದರು, ಪುತ್ತೂರಿನ ದಾರಿಯಾಗಿ ಮಂಗಳೂರಿಗೆ ನಡೆದರು, ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ಹದಿಮೂರು ದಿನ ಮಂಗಳೂರು ಅವರದ್ದಾಗಿತ್ತು ಎಂದು ಹೇಳುತ್ತಾರೆ. ಆಮೇಲೆ ಕಣ್ಣೂರು ಕಡೆಯಿಂದ ಕಂಪೆನಿಯ ಸೈನ್ಯ ಬಂತು, ಮುಂದಾಳುಗಳಿಗೆ ಗಲ್ಲಾಯಿತು. 2022ರಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಾಗ ನಾವೆಲ್ಲ ಸುದ್ದಿ ಕಳಿಸಿದವರೇ. ಆ ಸುದ್ದಿಗಳಲ್ಲಿ ಶೌರ್ಯ, ತ್ಯಾಗ, ಬಲಿದಾನ ಎಲ್ಲ ಇತ್ತು. ಪಟ ಇರಲಿಲ್ಲ. ಸುಳ್ಯದ ಕಾಡು, ಗುಡ್ಡ, ಹೊಳೆಗಳ ನಡುವೆ ಆ ಸಣ್ಣ ಪಡೆಗಿದ್ದ ಜಾಗ ಎಷ್ಟು, ಎದುರಿಗೆ ಕಡಲು ತೆರೆದಿರುವ ಪೇಟೆಯಲ್ಲಿ ಬೀಡುಬಿಟ್ಟಾಗ ಉಳಿದದ್ದೆಷ್ಟು? ನಮಗೆ ಕಾಣುವಂತೆ ಮಂಗಳೂರು ಹಿಡಿದದ್ದು ಕುರಿ ತಿಂದು ಮೂಲೆಗೆ ಇಳಿದ ಹಾಗೆ ಆಯಿತು. ಒಪ್ಪದವರು ಇರಬಹುದು, ಇರಲಿ. ಕೊಡಗಿನ ಕಡೆಯಿಂದ ನೋಡಿದರೆ ಬೇರೆ ಕಾಣಬಹುದು. ಹೀಗೆ ವಾದ ಮಾಡಲು ಸಾಧ್ಯವಾದರೆ ಆ ಜನರನ್ನು ಹಾರ ಹಾಕಿ ಮರೆಯುವ ಬದಲು ತಲೆ ಓಡಿಸಿದ ಮನುಷ್ಯರೆಂದು ಕಂಡ ಹಾಗಾದೀತು.

ಯುದ್ಧ ಬೇಡ, ಗ್ರಾಮಸಭೆಗೆ ಬನ್ನಿ. ಸಭೆ ನಡೆಯುವ ಪೇಟೆಬದಿಯಿಂದ ಐವತ್ತು ಜನ ಬಂದಿರುತ್ತಾರೆ, ಹೊಳೆಯಾಚೆಯ ಮೂಲೆಯ ಬೈಲಿನಿಂದ ಮೂವರು. ಹೀಗಾಗುವುದನ್ನು ನಾವು ಎಷ್ಟೋ ಊರುಗಳಲ್ಲಿ ವರದಿ ಮಾಡಿದ್ದೇವೆ. ಆ ಮೂವರು ಸಾಮಾನ್ಯವಾಗಿ ಒಂದೇ ಬೆಂಚಿನಲ್ಲಿ ಒತ್ತಿ ಕೂರುತ್ತಾರೆ. ಒಬ್ಬರು ಎದ್ದು ಕಾಲುಸಂಕದ ವಿಷಯ ತೆಗೆದರೆ ಉಳಿದಿಬ್ಬರು ಅವರ ಮುಖ ನೋಡುತ್ತಾರೆ. "ಆಯ್ತು, ಬರೆದುಕೊಂಡಿದ್ದೇವೆ, ಕೂತ್ಕೊಳ್ಳಿ" ಎಂದು ಒಂದೇ ಮಾತಿನಲ್ಲಿ ಮೂವರೂ ಕೂತಂತಾಗುತ್ತದೆ. ಒಮ್ಮೆ ಮಾತ್ರ ಬೇರೆ ರೀತಿ ಕಂಡೆವು. ಮೂವರು ಮೂರು ಕಡೆ ಕೂತಿದ್ದರು. ಸಂಕದ ಮಾತು ಒಬ್ಬರು ಎತ್ತಿದರು, ಅದು ಮುಗಿದು ಬೀದಿದೀಪದ ಚರ್ಚೆ ನಡೆಯುತ್ತಿದ್ದಾಗ ಎರಡನೆಯವರು ಎದ್ದು "ದೀಪ ಸರಿ, ಶಾಲೆಗೆ ಹೋಗುವ ಮಕ್ಕಳು ದಾಟುವುದೆಲ್ಲಿ" ಎಂದರು, ಮೂರನೆಯವರು ಕೊನೆಗೆ ನಿರ್ಣಯ ಓದುವಾಗ ಆ ಸಾಲು ಬಂದಿದೆಯೋ ಎಂದು ಕೇಳಿದರು. ಅವರು ಹುಲಿ-ಕುರಿ ಆಡಿದವರೋ ಅಲ್ಲವೋ ನಮಗೆ ತಿಳಿಯದು. ಸಾಲು ನಿರ್ಣಯ ಪುಸ್ತಕದಲ್ಲಿ ಬಂತು. ಸಂಕ ಆಗಲು ಅದಷ್ಟೇ ಸಾಲದು ಎನ್ನುವುದು ಬೇರೆ ಮಾತು.

ಪೆರಾಬೆಯಂಥ ಊರಿನ ಮಕ್ಕಳು ಮುಂದೆ ಹೆಚ್ಚಿನ ಕಡೆಗಳಲ್ಲಿ ಕಡಿಮೆ ಜನರ ಕಡೆಯಲ್ಲೇ ಇರುವವರು. ಕಡಬ ಹೊಸ ತಾಲೂಕು, ಇಲ್ಲಿಂದ ಜಿಲ್ಲಾ ಮಟ್ಟಕ್ಕೆ ಹೋಗುವ ತಂಡ ಸಣ್ಣದು, ಮಂಗಳೂರಿನ ಕಾಲೇಜಿನ ತರಗತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದವರು ಒಬ್ಬರೋ ಇಬ್ಬರೋ. ಅವರು ಮೂಲೆ ಹಿಡಿದು ಕೂರುವುದನ್ನು ನೋಡುವಾಗ ನಮಗೆ ಪಟ ನೆನಪಾಗುತ್ತದೆ. ಒಂದು ಆಟ ಕಲಿತರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಹೇಳುವುದಿಲ್ಲ, ಅಂಥ ಭರವಸೆ ಕೊಡುವವರು ಬೇರೆ ಇದ್ದಾರೆ. ಹತ್ತು ವರ್ಷದ ಮಗು ಐವತ್ತು ಸಲ ಹುಲಿಯ ಕಡೆ ಕೂತಿದ್ದರೆ, ಸಂಖ್ಯೆ ನೋಡಿದ ಕೂಡಲೇ ಕೈಚೆಲ್ಲದೆ ಖಾಲಿ ಜಾಗ ಎಲ್ಲಿದೆ ಎಂದು ಹುಡುಕುವ ಅಭ್ಯಾಸವಾದರೂ ಆದೀತು.

ಇದರ ಹಿರಿಮೆ ಹೇಳಲು ಐದು ಸಾವಿರ ವರ್ಷದ ಕತೆ ಕಟ್ಟುವ ಅಗತ್ಯವಿಲ್ಲ. ಹಂಪಿಯ ಕಲ್ಲುಹಾಸಿನಲ್ಲಿ ಆಟದ ಪಟಗಳು ಕೊರೆದಿರುವುದು ನಿಜ. ಆದರೆ ಕಟ್ಟಡ ಹಳೆಯದೆಂದು ಗೀಟೂ ಅಷ್ಟೇ ಹಳೆಯದಾಗಬೇಕಿಲ್ಲ, ಯಾವ ಕಾಲದ ಸೋಮಾರಿಯೂ ಕೂತು ಕೊರೆಯಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲಿ ಪಟದ ಆಟಗಳನ್ನು ಶಾಸ್ತ್ರದಂತೆ ಬರೆಸಿ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಸೇರಿಸಿದರು, ತಾವೇ ಹೊಸ ಆಟಗಳನ್ನೂ ಹೂಡಿದರು. ಅರಮನೆಯ ಅಂಥ ಆಸ್ಥೆಯಲ್ಲಿ ಒಂದು ಚೂರು ನಮ್ಮ ಅರಿವು ಕೇಂದ್ರಗಳಿಗೆ ಬಂದರೆ ಸಾಕು. ಚೆಸ್ ಮತ್ತು ಕೇರಂ ಬೋರ್ಡಿನ ಪಕ್ಕ ನೆಲದ ಮೇಲೆ ಬಣ್ಣದಲ್ಲಿ ಒಂದು ಹುಲಿ-ಕುರಿ ಪಟ ಬರೆಸುವುದಕ್ಕೆ ಟೆಂಡರು ಬೇಕಾಗದು.

ಸ್ಪರ್ಧೆಯ ನಿಯಮ ಹೀಗಿರಲಿ. ಒಂದು ಸುತ್ತಿಗೆ ಎರಡು ಆಟ, ಎರಡನೆಯದರಲ್ಲಿ ಕಡೆ ಬದಲು. ಒಂದೊಂದು ಆಟಕ್ಕೆ ಅರ್ಧ ಗಂಟೆ. ಐದು ಕುರಿ ಸತ್ತರೆ ಹುಲಿಗೆ ಜಯ, ಮೂರೂ ಹುಲಿ ಕಟ್ಟುಬಿದ್ದರೆ ಕುರಿಗೆ. ಎರಡೂ ಆಗದೆ ಸಮಯ ಮುಗಿದರೆ ಸತ್ತ ಕುರಿ, ಕಟ್ಟುಬಿದ್ದ ಹುಲಿ ಎರಡನ್ನೂ ಬರೆದುಕೊಳ್ಳಿ. ಇಬ್ಬರೂ ಒಂದೊಂದು ಗೆದ್ದರೆ ಹುಲಿಯಾಗಿ ಹೆಚ್ಚು ಕುರಿ ತಿಂದವರಿಗೆ ಜಯ ಕೊಡಿ, ಅದೂ ಸಮವಾದರೆ ಹುಲಿಯಾಗಿ ಹೆಚ್ಚು ಹೊತ್ತು ಕಟ್ಟುಬೀಳದೆ ಉಳಿದವರಿಗೆ. ನಡೆ ಹಿಂದೆ ತೆಗೆಯಲು ಬಿಡಬಾರದು, ಅಜ್ಜಂದಿರಿಗೂ. ಬಹುಮಾನ ಅಷ್ಟಮಿಯ ಆಟದ ಹಾಗೆ ಬಾಳೆಗೊನೆಯೇ ಆಗಲಿ. ಉದ್ಘಾಟಕರು ಬರುವುದಾದರೆ ಒಂದು ಆಟ ಪೂರ್ತಿ ಆಡಿಯೇ ಏಳಬೇಕು ಎಂದು ಆಮಂತ್ರಣದಲ್ಲೇ ಅಚ್ಚು ಹಾಕಿಸಿ. ಫೋಟೊಕ್ಕೆ ನಾವು ಬರುತ್ತೇವೆ.